ಹುಲಿಗೆಮ್ಮಜ್ಜಿಯ ಒಳಮಚ್ಚೆ

ಬಳ್ಳಾರಿ
ಕೂರಿಕೆ ಶಕೆ ನೂರ ಹದಿನೆಂಟು, ಎರಡನೇ ಆಷಾಢದ ನಲವತ್ತೊಂದನೇ ದಿನ

ಪ್ರೀತಿಯ ಹುಲಿಗೆಮ್ಮಜ್ಜಿಗೆ,

ತಾರೀಕು ನೋಡಿ ಹುಬ್ಬೇರಿಸಬೇಡ. ನಮ್ಮ ಕಾಲದ ಬಿಸಿಲು ತಿಂಗಳುಗಳನ್ನೂ ಹಿಗ್ಗಿಸಿಬಿಟ್ಟಿದೆ. ಈ ಕಾಗದದಲ್ಲಿ ನೀನು ಕೇಳಿರದ ಮಾತುಗಳೂ ಬರುತ್ತವೆ, ಅದಕ್ಕೆ ಕ್ಷಮೆಯಿರಲಿ. ಅವುಗಳಲ್ಲಿ ಹೆಚ್ಚಿನವು ನಿನ್ನಿಂದಲೇ ಹುಟ್ಟಿದವು, ಹಾಗಾಗಿ ತಪ್ಪು ಪೂರ್ತಿ ನನ್ನದಲ್ಲ. ನಾನು ಮಿಂಚವ್ವ, ನಿನ್ನ ಮಗಳು ಪಂಪಾವತಿಯ ಮರಿಮಗಳು. ನನಗೆ ಅರವತ್ತು ದಾಟಿದೆ. ನೀನೀಗ ನನ್ನ ಮಗಳ ವಯಸ್ಸಿನವಳು. ಆದರೂ ನೀನು ಅಜ್ಜಿಯೇ, ನಾನು ಮೊಮ್ಮಗಳೇ. ಈ ವಿಷಯದಲ್ಲಿ ವಾದ ಬೇಡ.

ನೀನೀಗ ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ಮೇಲೆ ಕೂತಿದ್ದೀಯ. ಹೊಟ್ಟೆನೋವೆಂದು, ಜೀನ್ಸ್ ಹೊಲಿಯುವ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದವಳು. ಮಡಿಲಲ್ಲಿ ದೊಡ್ಡ ಕವರು, ಅದರೊಳಗೆ ಇಂಗ್ಲಿಷ್ ರಿಪೋರ್ಟು. ಸ್ಕ್ಯಾನ್ ಬರೆದುಕೊಟ್ಟ ಡಾಕ್ಟರು ಸಿಗುವುದು ಮುಂದಿನ ವಾರ. ಪಕ್ಕದಲ್ಲಿ ಕೂತವರು ಯಾರೋ ಪಾಪ ಎಂದುಕೊಂಡು ಅದನ್ನು ಫೋನಿನಲ್ಲಿ ಕನ್ನಡ ಮಾಡಿಕೊಟ್ಟರು. ಫೋನು 'ಯಕೃತ್ತಿನಲ್ಲಿ ರಕ್ತದ ಗೆಡ್ಡೆ' ಎಂದಿತು. ಗೆಡ್ಡೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಯಾರಿಗೆ ತಾನೇ ಕೈಕಾಲು ಆಡುತ್ತದೆ? ನಿನ್ನ ತಲೆ ಆಗಲೇ ಮಸಣದ ತನಕ ಹೋಗಿ ಬಂದಿದೆ. ಈಗ ನಿಮ್ಮಣ್ಣನಿಗೆ ಫೋನು ಮಾಡಲು ಹೊರಟಿದ್ದೀಯ. ನಿನ್ನ ಕಣ್ಣು ಮುಚ್ಚುವುದರೊಳಗೆ ಪಂಪಾವತಿಯ ಕಾಲೇಜು ಬಿಡಿಸಿ ಅವನ ಮಗನಿಗೆ ಕೊಟ್ಟುಬಿಡಬೇಕು ಎಂದು. ಹುಡುಗಿಗೆ ಇನ್ನೂ ಹದಿನೇಳು, ಅಜ್ಜಿ.

ಮುಂದೆ ನಡೆದದ್ದನ್ನು ನಮ್ಮ ಮನೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ನೀನು ಎದ್ದೆ, ಕೂತೆ, ಮತ್ತೆ ಎದ್ದೆ. ರೇಡಿಯಾಲಜಿ ಡಾಕ್ಟರು ಸಬೀಹಾ ಅವರ ಕೋಣೆಗೆ ರೋಗಿಗಳು ಹೋಗುವ ಹಾಗಿರಲಿಲ್ಲ. ಕತ್ತಲಲ್ಲಿ ಕೂತು ಚಿತ್ರ ನೋಡಿ ಬರೆಯುವುದಷ್ಟೇ ಅವರ ಕೆಲಸ. ಆ ಬಾಗಿಲನ್ನು ನೀನು ತಟ್ಟಿದೆ. ಒಳಗೆ ಹೋದವಳು ಸುಮ್ಮನಿದ್ದೆಯಾ? "ನಂದ ಹೊಟ್ಟಿ, ನಂದ ಫೋಟೊ, ನನಗ್ಯಾಕ ತೋರ್ಸಂಗಿಲ್ರಿ?" ಎಂದು ಕೇಳಿಯೇಬಿಟ್ಟೆ. ಇದನ್ನು ಹೇಳುವಾಗಲೆಲ್ಲ ನನ್ನ ಎದೆ ಉಬ್ಬುತ್ತದೆ. ಮುಚ್ಚಿಡುವುದೇಕೆ?

ಡಾಕ್ಟರಮ್ಮ ಬೈಯಲಿಲ್ಲ. ಇನ್ನೊಂದು ಸ್ಟೂಲು ಎಳೆದು ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದರು. "ಅಂಜಬ್ಯಾಡ, ಕ್ಯಾನ್ಸರ್ ಅಲ್ಲವ್ವ ಇದು. ನಿನ್ನ ಗದ್ದದ ಮ್ಯಾಲೆ ಮಚ್ಚಿ ಐತಲ್ಲ, ಹಂಗ ಒಳಗೊಂದು ಮಚ್ಚಿ. ನೋವು ಇದರದಲ್ಲ. ಹೊತ್ತಿಗೆ ಸರಿಯಾಗಿ ಉಣ್ಣಂಗಿಲ್ಲ ನೀನು, ಅದರದ." ನೀನು ಅಲ್ಲಿಯೇ ಸೆರಗು ಬಾಯಿಗಿಟ್ಟು ಅತ್ತೆಯಂತೆ. ಅತ್ತು ಮುಗಿದ ಮೇಲೆ, ಇನ್ನೊಮ್ಮೆ ತೋರಿಸಿ ಎಂದೆಯಂತೆ.

ಅಂದಿನಿಂದ ಅದು ಒಳಮಚ್ಚೆ. ಇಂದು ನಮ್ಮ ಪಠ್ಯಪುಸ್ತಕಗಳಲ್ಲೂ ಅದೇ ಹೆಸರು. ಸ್ಕ್ಯಾನ್ ಯಂತ್ರವನ್ನು ನಾವು ಒಳಗನ್ನಡಿ ಎನ್ನುತ್ತೇವೆ. ಅದೀಗ ಉಪ್ಪಿನಕಾಯಿ ಜಾಡಿಯಷ್ಟು ಚಿಕ್ಕದು, ಕಣ್ಣು ಮಿಟುಕಿಸುವುದರಲ್ಲಿ ಎಲ್ಲವನ್ನೂ ತಾನೇ ಓದಿ ಮುಗಿಸುತ್ತದೆ. ಆದರೆ ಓದಿದ್ದನ್ನು ಅದು ರೋಗಿಗೆ ಹೇಳುವಂತಿಲ್ಲ. ಮೊದಲು ಕೂರಿಕೆಯಾಗಬೇಕು. ಅಂದರೆ ನನ್ನಂಥ ಒಬ್ಬಳು ಡಾಕ್ಟರು ರೋಗಿಯ ಪಕ್ಕದಲ್ಲಿ, ಎರಡು ಸ್ಟೂಲು ಹಾಕಿ, ಅವರ ಚಿತ್ರವನ್ನು ಅವರಿಗೇ ತೋರಿಸುತ್ತಾ ಕೂರಬೇಕು. ಮಜ್ಜಿಗೆ ಕೊಡುತ್ತೇವೆ. ಜನ ಅತ್ತೆ, ಚಿಕ್ಕಮ್ಮ, ಓಣಿಯವರನ್ನೆಲ್ಲ ಕರೆತರುತ್ತಾರೆ, ನನಗಿಂತ ಮೊದಲು ಅವರೇ ಬೆರಳಿಡುತ್ತಾರೆ. ಮುದುಕರು ತಂತಮ್ಮ ಒಳಮಚ್ಚೆಯ ಬಗ್ಗೆ ಕಟ್ಟೆಯ ಮೇಲೆ ಕೊಚ್ಚಿಕೊಳ್ಳುತ್ತಾರೆ. ಹೆಣ್ಣು ನೋಡಲು ಬಂದವರನ್ನು ಹುಡುಗಿಯರು "ನಿಮ್ಮದು ಎಲ್ಲೈತಿ?" ಎಂದು ಗೋಳು ಹೊಯ್ದುಕೊಳ್ಳುತ್ತಾರೆ. ಎಲ್ಲರೊಳಗೂ ಇರುವುದು ಬರೀ ಮಚ್ಚೆಯಲ್ಲ, ಅಜ್ಜಿ. ಕೆಟ್ಟದ್ದನ್ನೂ ನಾನೇ ಹೇಳಬೇಕಾಗುತ್ತದೆ. ಆಗ ಮಜ್ಜಿಗೆ ಹಾಗೇ ಉಳಿಯುತ್ತದೆ. ಆದರೂ ಒಬ್ಬರೂ ಅದನ್ನು ಬೆಂಚಿನ ಮೇಲೆ ಒಂಟಿಯಾಗಿ ಕೂತು, ಫೋನಿನ ಬಾಯಿಂದ ಕೇಳುವುದಿಲ್ಲ.

ಇದನ್ನೆಲ್ಲ ಕಟ್ಟಿದವಳು ನಿನ್ನ ಪಂಪಾವತಿ. ಅವಳು ಓದಿ ಅದೇ ವಿದ್ಯೆಯ ಡಾಕ್ಟರಾದಳು, ಸಬೀಹಾ ಅವರ ಆ ಸ್ಟೂಲನ್ನು ಕೇಳಿ ಪಡೆದಳು. ನಮ್ಮ ವೃತ್ತಿಯವರು ಶಕೆ ಎಣಿಸುವುದು ನಿನ್ನ ಈ ಮಧ್ಯಾಹ್ನದಿಂದ. ಸರ್ಕಾರ ಇದಕ್ಕೆ ಒಪ್ಪಿಗೆ ಕೊಟ್ಟಿಲ್ಲ, ನಾವೂ ಕೇಳಲು ಹೋಗಿಲ್ಲ.

ಹೋದ ತಿಂಗಳು ನನ್ನ ಕೂರಿಕೆಯಾಯಿತು. ನನ್ನ ಯಕೃತ್ತಿನಲ್ಲೂ ಒಂದು ಒಳಮಚ್ಚೆ ಇದೆ. ಅದು ನಿನ್ನಿಂದ ಬಂದದ್ದಲ್ಲ, ಇಂಥವು ಎಷ್ಟೋ ಜನರಲ್ಲಿರುತ್ತವೆ ಎಂದು ನನ್ನ ವಿದ್ಯೆಗೆ ಗೊತ್ತು. ಆದರೂ ಓಣಿಗೆಲ್ಲ ಸಿಹಿ ಹಂಚಿದೆ.

ನೀನು ಆ ಬಾಗಿಲು ತಟ್ಟಿದ್ದು ನಮಗೆ ಗೊತ್ತು. ಅಷ್ಟು ಅಂಜಿದ್ದವಳಿಗೆ ಆ ಧೈರ್ಯ ಎಲ್ಲಿಂದ ಬಂತು ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ನೀನೂ ಹೇಳಲಿಲ್ಲವಂತೆ, ಸುಮ್ಮನೆ ನಕ್ಕೆಯಂತೆ. ಅದಕ್ಕೇ, ಯಾವುದಕ್ಕೂ ಇರಲಿ ಎಂದು ಈ ಕಾಗದ ಬರೆಯುತ್ತಿದ್ದೇನೆ.

ಫೋನು ಚೀಲಕ್ಕೆ ಹಾಕು. ನಿಮ್ಮಣ್ಣ ಎಲ್ಲಿಗೂ ಓಡಿಹೋಗುವುದಿಲ್ಲ. ಡಾಕ್ಟರಮ್ಮ ಈಗಷ್ಟೇ ಊಟದ ಡಬ್ಬಿ ಬಿಚ್ಚಿದ್ದಾರೆ, ಮೊದಲು ಮುಖ ಗಂಟಿಕ್ಕುತ್ತಾರೆ, ಹಿಂಜರಿಯಬೇಡ. ಪಂಪಾವತಿ ಸಂಜೆ ಕಾಲೇಜಿನಿಂದ ಬಂದು ಪುಸ್ತಕ ತೆರೆಯಬೇಕು. ನಾವೆಲ್ಲ ಇಲ್ಲಿ ಕಾಯುತ್ತಿದ್ದೇವೆ.

ಏಳು ಅಜ್ಜಿ, ಬಾಗಿಲು ತಟ್ಟು.

ನಿನ್ನ,
ಮಿಂಚವ್ವ