ಕವಲಿನಲ್ಲಿ ಎಡಕ್ಕೆ

ಮಾರ್ಚ್ 3, ಸೋಮವಾರ. ಮಧ್ಯಾಹ್ನ 2.10

ಪುಟ್ಟಿ ಮಲಗಿ ಹನ್ನೆರಡು ನಿಮಿಷ. ಅವಳು ಏಳುವಷ್ಟರಲ್ಲಿ ಬಟ್ಟೆ ಮಡಿಸಬೇಕು, ಬಾಟಲಿ ಕುದಿಸಬೇಕು, ತಲೆ ಬಾಚಿಕೊಳ್ಳಬೇಕು. ಅದೆಲ್ಲ ಬಿಟ್ಟು ಇಲ್ಲಿ ಬರೆಯುತ್ತ ಕೂತಿದ್ದೇನೆ. ಉಸಿರಾಡುತ್ತಿದ್ದಾಳಾ ಎಂದು ಆಗಲೇ ಎರಡು ಸಲ ಮೂಗಿನ ಹತ್ತಿರ ಬೆರಳಿಟ್ಟು ನೋಡಿ ಬಂದೆ. ಏಳು ತಿಂಗಳಾಯಿತು. ಈ ಚಾಳಿ ಹೋಗಿಲ್ಲ. ನಿದ್ದೆಯೂ ಬಂದಿಲ್ಲ.

ಆಮೆ ಬಂದಿದ್ದಳು. ಇಪ್ಪತ್ತೆರಡು ಕಿಲೋಮೀಟರ್ ಓಡಿ ಹಾಗೇ ಬೆವರಿಳಿಸುತ್ತ. ಕಾಲೇಜಿನಲ್ಲಿ ಆ ಹೆಸರಿಟ್ಟವಳು ನಾನೇ. ನಾನು ಓಟದ ತಂಡದ ಕ್ಯಾಪ್ಟನ್, ಅವಳು ಎಲ್ಲರಿಗಿಂತ ಹಿಂದೆ. ಸಂಜೆ ಸಂಜೆ ಮೈದಾನದಲ್ಲಿ ಜೊತೆಗೆ ನಿಂತು, ಉಸಿರು ಹೇಗೆ ಬಿಡಬೇಕು, ಇಳಿಜಾರಿನಲ್ಲಿ ಪಾದ ಹೇಗೆ ಊರಬೇಕು, ಎಲ್ಲ ಕಲಿಸಿದ್ದೆ.

"ಎಂಟು ಗಂಟೆ ಗೊರಕೆ ಹೊಡೆದೆ ಕಣೇ. ಅದಕ್ಕೇ ಕಾಲು ಹಾರ್ತಿತ್ತು."

ಎಂಟು ಗಂಟೆ!

"ಹದಿನಾರಕ್ಕೆ ಕಮರಿ ಓಟ. ಬರ್ತೀಯಾ ಕ್ಯಾಪ್ಟನ್? ನೀನಿಲ್ದೆ ನಂಗೆ ದಾರಿ ಗೊತ್ತಾಗಲ್ಲ."

ಮೂವತ್ತೊಂದು ಕಿಲೋಮೀಟರ್. ಬೆಟ್ಟದ ನೆತ್ತಿಯಿಂದ ಇಳಿದು, ಎರಡು ಕಲ್ಲುಗೋಡೆಗಳ ನಡುವೆ ಹೊಳೆಯ ಪಕ್ಕದಲ್ಲೇ ಓಡಿ, ಕೆಳಗೆ ಸೇತುವೆಯ ಹತ್ತಿರ ಹೊರಬೀಳಬೇಕು. ಮದುವೆಗೆ ಮುಂಚೆ ಮೂರು ಸಲ ಓಡಿದ್ದೇನೆ. ಐದು ಗಂಟೆ ನಲವತ್ತೆಂಟು ನಿಮಿಷ. ನಮ್ಮ ಬಳಗದ ಹೆಂಗಸರಲ್ಲಿ ಇವತ್ತಿಗೂ ಯಾರೂ ಮುರಿದಿಲ್ಲ.

ಬರ್ತೀನಿ ಅಂದುಬಿಟ್ಟೆ.

ಮಾರ್ಚ್ 9, ಭಾನುವಾರ. ಬೆಳಿಗ್ಗೆ 9

ಇಬ್ಬರೂ ಹದಿನಾಲ್ಕು ಕಿಲೋಮೀಟರ್ ಓಡಿ ಬಂದೆವು. ಅವಳು ಹೊರಟ ಹಾಗೇ ಬಂದಳು. ನಾನು ಒಗೆದು ಹಿಂಡಿದ ಬಟ್ಟೆಯ ಹಾಗೆ.

ಇವರು ಪುಟ್ಟಿಯನ್ನೆತ್ತಿಕೊಂಡು ಗೇಟಿನಲ್ಲಿ ನಿಂತಿದ್ದರು. "ಅವಳು ಓಡೋದು ನೋಡ್ತಾನೇ ಇರೋಣ ಅನ್ಸುತ್ತೆ, ಅಲ್ವಾ?"

"ನೋಡ್ತಾನೇ ಇರಿ. ಒಳಗೆ ಹಾಲು ಉಕ್ಕಿ ಹೋಗ್ಲಿ."

"ಯಪ್ಪಾ! ಹಾಲಲ್ಲ, ನೀನು ಉಕ್ತಿದ್ದೀಯ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮಾರ್ಚ್ 15, ಶನಿವಾರ. ಸಂಜೆ 6

ಪುಟ್ಟಿಗೆ ನಾಲ್ಕು ಬಾಟಲಿ ಹಾಲು ತೆಗೆದಿಟ್ಟು, ಪ್ರತಿಯೊಂದಕ್ಕೂ ಗಂಟೆ ಬರೆದ ಚೀಟಿ ಅಂಟಿಸಿದೆ.

"ಇದೇನು, ಸರ್ವೆ ಆಫೀಸಿನ ಫೈಲಾ?" — ಇವರ ತಮಾಷೆ. ಆಫೀಸಿನಲ್ಲಿ ನಕ್ಷೆ ಬರೆಯುವವಳು ನಾನು. ರಜೆಯಲ್ಲಿದ್ದರೂ ಕೈ ಸುಮ್ಮನಿರುವುದಿಲ್ಲ.

ಇವರು ಪುಟ್ಟಿ ಜೊತೆ ಸೇತುವೆಯ ಹತ್ತಿರ ಕಾರಿನಲ್ಲಿ ಕಾಯುತ್ತಾರೆ. ಕಮರಿಯ ದಾರಿ ಬರೆದಿಟ್ಟ ಹಳೆಯ ನೋಟ್‌ಬುಕ್ ಕಪಾಟಿನಲ್ಲೇ ಇರಲಿ. ದಾರಿ ನನಗೆ ಬಾಯಿಪಾಠ.

ಮಾರ್ಚ್ 18, ಮಂಗಳವಾರ. ಬೆಳಿಗ್ಗೆ 11

ಎರಡು ದಿನ ಪೆನ್ನು ಮುಟ್ಟಲಿಲ್ಲ.

ಬೆಳಕು ಹರಿಯುವಾಗ ಇಳಿದೆವು. ಮೊದಲ ಹತ್ತು ಕಿಲೋಮೀಟರ್ ಮೈಯೆಲ್ಲ ಹಗುರ. ತಣ್ಣನೆ ಗಾಳಿ, ಕಾಲಡಿ ಉರುಟುಗಲ್ಲು, ತಲೆಯ ಮೇಲೆ ಜಡೆಗೆ ಕಟ್ಟುವ ರಿಬ್ಬನ್ನಿನಷ್ಟೇ ಆಕಾಶ. ಆಮೇಲೆ ಅವಳು ಮುಂದೆ ಹೋದಳು. ಪ್ರತಿ ತಿರುವಿನಲ್ಲೂ ನಿಂತಲ್ಲೇ ಕುಣಿಯುತ್ತ ಕಾಯುತ್ತಿದ್ದಳು.

"ನಿಧಾನವಾಗಿ ಬಾ ಕ್ಯಾಪ್ಟನ್. ಅವಸರ ಇಲ್ಲ. ಉಸಿರು ನೋಡ್ಕೊ."

ನನ್ನದೇ ಮಾತು. ಮೈದಾನದಲ್ಲಿ ನಾನು ಅವಳಿಗೆ ಹೇಳುತ್ತಿದ್ದುದು. ಒಂದಕ್ಷರ ಬಿಟ್ಟಿರಲಿಲ್ಲ.

ಹದಿನೆಂಟನೆಯ ಕಿಲೋಮೀಟರಿನಲ್ಲಿ ಎದೆ ಕಲ್ಲಾಗಿತ್ತು. ಬಂಡೆಯ ಮರೆಗೆ ಕೂತು ಕೈಯಲ್ಲೇ ಹಾಲು ಹಿಂಡಿದೆ. ಚೆಲ್ಲಲು ಮನಸ್ಸಾಗದೆ ಸಣ್ಣ ಬಾಟಲಿಗೆ ತುಂಬಿಕೊಂಡೆ. ಅವಳು ಬೆನ್ನು ತಿರುಗಿಸಿ ನಿಂತು ವಾಚ್ ನೋಡಿದಳು.

"ಮೂರು ಗಂಟೆ ಹತ್ತು ನಿಮಿಷ! ನಿನ್ನ ಟೈಮ್ ಇವತ್ತು ಮುರಿಯುತ್ತೆ ಕಣೇ! ಸೇತುವೆ ಹತ್ರ ನಿನ್ನ ಕೈ ಹಿಡ್ಕೊಂಡೇ ಮುಗಿಸ್ತೀನಿ."

ಕೈ ಹಿಡಿದು ನಡೆಸುತ್ತಾಳಂತೆ! ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ಹೆಚ್ಚು ಉರಿಸಿತು.

ಇಪ್ಪತ್ತನೆಯ ಕಿಲೋಮೀಟರಿನಲ್ಲಿ ಕವಲು. ಹೊಳೆ ಎರಡಾಗಿ ಒಡೆದು, ಕೆಳಗೆಲ್ಲೋ ಮತ್ತೆ ಒಂದಾಗುತ್ತದೆ. ಬಲಕ್ಕೆ ಒಣ ದಾರಿ. ಎಡಕ್ಕೆ ಸುತ್ತು, ಬಂಡೆಗಳ ಮೇಲೆಲ್ಲ ಪಾಚಿ. ಕಮರಿಯೊಳಗೆ ವಾಚಿನ ಮ್ಯಾಪ್ ಸತ್ತಿತ್ತು.

"ಯಾವ ಕಡೆ?"

"ಎಡಕ್ಕೆ."

ಬಾಯಿ ತಪ್ಪಿ ಬಂದದ್ದಲ್ಲ. ಯೋಚಿಸಿ ಹೇಳಿದ್ದು. ಒಂದು ಗಂಟೆ ತಡವಾಗುತ್ತದೆ, ಅಷ್ಟೇ. ನನ್ನ ಐದು ಗಂಟೆ ನಲವತ್ತೆಂಟು ಉಳಿಯುತ್ತದೆ, ಅಷ್ಟೇ.

ಮೂರನೆಯ ತಿರುವಿನಲ್ಲಿ ಅವಳ ಕಾಲು ಜಾರಿತು. ಮುಖ ಅಡಿಯಾಗಿ ಬಿದ್ದಳು. ಸದ್ದು ಇನ್ನೂ ಕಿವಿಯಲ್ಲಿದೆ.

ಎದ್ದು ಕೂತಾಗ ಬಾಯಿ ತುಂಬ ರಕ್ತ. ಮುಂದಿನ ಹಲ್ಲು ಅರ್ಧ ಇಲ್ಲ. ಹಾಗಿದ್ದೂ ನಗುತ್ತಾಳೆ! "ಇನ್ಮೇಲೆ ಪುಟ್ಟಿ, ನಾನು ಇಬ್ರೂ ಒಂದೇ ಕಣೇ. ಗಂಜೀನೇ ಗತಿ."

ಮೊಣಕಾಲೂರಿ ನೀರಿನಲ್ಲಿ ತಡಕಾಡಿದೆ. ಚೂರು ಸಿಕ್ಕಿತು. ಹಲ್ಲನ್ನು ಹಾಲಿನಲ್ಲಿಡಬೇಕೆಂದು ಎಲ್ಲೋ ಓದಿದ್ದೆ. ನನ್ನ ಬಳಿ ಇದ್ದ ಹಾಲು ಅದೊಂದೇ. ಪುಟ್ಟಿಯ ಹಾಲಿನಲ್ಲಿ ಅವಳ ಹಲ್ಲು ಹಾಕಿ ಮುಚ್ಚಳ ತಿರುಗಿಸಿದೆ.

ನಡೆದುಕೊಂಡೇ ಸೇತುವೆ ಮುಟ್ಟಿದೆವು. ಏಳು ಗಂಟೆ ಐವತ್ತು ನಿಮಿಷ. ಇವರ ತೊಡೆಯ ಮೇಲೆ ಪುಟ್ಟಿ ನಾಲ್ಕನೆಯ ಬಾಟಲಿಯ ತಳ ಚೀಪುತ್ತಿದ್ದಳು. ನನ್ನನ್ನೊಮ್ಮೆ ನೋಡಿ ಮತ್ತೆ ಬಾಟಲಿಗೇ ಬಾಯಿ ಹಾಕಿದಳು.

ಮಾರ್ಚ್ 27, ಗುರುವಾರ. ಸಂಜೆ 5

ಆಮೆಯ ಹಲ್ಲು ಕೂತಿದೆ. ಡಾಕ್ಟರು ಅದೇ ಚೂರನ್ನು ಅಂಟಿಸಿದ್ದಾರೆ. ಹತ್ತಿರದಿಂದ ನೋಡಿದರೆ ಕೂದಲೆಳೆಯಷ್ಟು ಗೆರೆ. ಅವಳು ನಕ್ಕಾಗಲೆಲ್ಲ ನನಗೆ ಗೆರೆಯೊಂದೇ ಕಾಣುತ್ತದೆ.

"ಹಾಲಲ್ಲಿ ಹಾಕಿದ್ದು ಯಾರು ಅಂತ ಡಾಕ್ಟ್ರು ಕೇಳಿದ್ರು. ನಮ್ಮ ಕ್ಯಾಪ್ಟನ್ನು, ಅದೂ ಸ್ವಂತ ಹಾಲು ಅಂದೆ. ಬಿದ್ದು ಬಿದ್ದು ನಕ್ರು!"

ಇವರೂ ನಕ್ಕರು. ಕಂಡವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಾಳೆ, ಕ್ಯಾಪ್ಟನ್ ನನ್ನ ಹಲ್ಲು ಉಳಿಸಿದಳು ಎಂದು. ನಾನು ಪುಟ್ಟಿಯ ಟೋಪಿ ಸರಿಮಾಡುತ್ತ ಕೂತೆ.

ಏಪ್ರಿಲ್ 11, ಶುಕ್ರವಾರ. ಮಧ್ಯಾಹ್ನ 3

ಹಲ್ಲಿನ ಡಾಕ್ಟರಮ್ಮನೂ ಓಡುತ್ತಾಳಂತೆ! ಮೂರು ವಾರದಿಂದ ಇಬ್ಬರೂ ಜೊತೆಗೆ. ಆಮೆಯ ಬಾಯಲ್ಲಿ ಬೇರೆ ಹೆಸರೇ ಇಲ್ಲ. ಡಾಕ್ಟ್ರು ಹೀಗಂದ್ರು, ಡಾಕ್ಟ್ರು ಹಾಗೆ ಓಡ್ತಾರೆ. ನನ್ನ ಕೈಯಾರೆ ನಾನೇ ಹುಡುಕಿಕೊಟ್ಟ ಗೆಳತಿ. ಎಡಕ್ಕೆ ಎಂದ ಒಂದು ಮಾತಿನಿಂದ.

"ಭಾನುವಾರ ನಾವಿಬ್ರೂ ಕಮರಿಗೆ ಹೋಗ್ತಿದ್ದೀವಿ. ನೀನೂ ಬಾ ಅಂತಿದ್ದೆ, ಆದ್ರೆ ಪುಟ್ಟಿಗೆ ಜ್ವರ ಅಲ್ವಾ... ದಾರಿ ಒಂದು ಹಾಳೇಲಿ ಬರ್ದುಕೊಡು ಕಣೇ. ಕವಲಲ್ಲಿ ಎಡಕ್ಕೆ, ಅದು ನೆನಪಿದೆ. ಈ ಸಲ ನೋಡ್ಕೊಂಡು ಕಾಲಿಡ್ತೀನಿ."

ಬೆಟ್ಟದ ಮೇಲೆ ಎರಡು ದಿನದಿಂದ ಜಿನುಗುತ್ತಿದೆ. ಪಾಚಿ ಈಗ ಬೆಣ್ಣೆಯಾಗಿರುತ್ತದೆ.

"ನಾಳೆ ಬಾ, ಬರೆದಿಟ್ಟಿರ್ತೀನಿ" ಎಂದೆ.

ಏಪ್ರಿಲ್ 12, ಶನಿವಾರ. ಬೆಳಿಗ್ಗೆ 10.20

ಕಣ್ಣು ಮುಚ್ಚಿಲ್ಲ. ಪುಟ್ಟಿಯ ಜ್ವರ ಇಳಿದಿದೆ. ನನ್ನದು ಇಳಿದಿಲ್ಲ.

ಬಲಕ್ಕೆ ಎಂದು ಬರೆದರೆ ಆವತ್ತು ಎಡಕ್ಕೆ ಎಂದದ್ದೇಕೆ ಎಂದು ಕೇಳುತ್ತಾಳೆ. ಮರೆತಿದ್ದೆ ಎನ್ನಬಹುದು. ಎಡದ ದಾರಿ ಈಗ ಕುಸಿದಿದೆಯಂತೆ ಎನ್ನಬಹುದು. ನಂಬುತ್ತಾಳೆ. ನಾನು ಹೇಳಿದ್ದನ್ನೆಲ್ಲ ನಂಬುತ್ತಾಳೆ, ಅದೇ ಕಷ್ಟ.

ಆ ಡಾಕ್ಟರಮ್ಮ ಒಮ್ಮೆ ಜಾರಿ ಬೀಳಲಿ ಎಂದೂ ಒಂದು ಗಳಿಗೆ ಅನಿಸಿತು. ಅನಿಸಿತು. ಬರೆದಿದ್ದೇನೆ.

ಹಳೆಯ ನೋಟ್‌ಬುಕ್ ತೆಗೆದೆ. ನನ್ನದೇ ಅಕ್ಷರ: "ಕವಲು — ಬಲಕ್ಕೆ. ಎಡಕ್ಕೆ ಯಾರನ್ನೂ ಕರೆದೊಯ್ಯಬಾರದು. ಪಾಚಿ." ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಪಕ್ಕದಲ್ಲೇ 5.48, ಅದರ ಸುತ್ತ ಒಂದು ಸೊನ್ನೆ. ಆ ಪುಟ ಹರಿಯಲು ಒಮ್ಮೆ ಕೈ ಹೋಯಿತು.

ಬೇರೆ ಹಾಳೆಯಲ್ಲಿ ಬರೆಯುವುದಿಲ್ಲ. ನೋಟ್‌ಬುಕ್ಕನ್ನೇ ಕೊಡುತ್ತೇನೆ, ಆ ಪುಟ ತೆರೆದೇ. ತಾರೀಕೂ ಇದೆ, ಮೂರು ವರ್ಷದ ಹಿಂದಿನದು. ಕೇಳಿದರೆ, ಹೊಟ್ಟೆಕಿಚ್ಚು ಕಣೇ ಅನ್ನಬೇಕು. ಅಷ್ಟೇ. ಬೇರೆ ಏನೂ ಸೇರಿಸಬಾರದು, ನಿದ್ದೆ ಇರಲಿಲ್ಲ ಅಂತಲೂ.

ಗೇಟಿನ ಸದ್ದು. "ಕ್ಯಾಪ್ಟನ್, ಎಲ್ಲಿದ್ದೀಯೇ?" — ಜೊತೆಗೆ ಇನ್ನೊಂದು ದನಿ, ಪರಿಚಯವಿಲ್ಲದ್ದು. ಡಾಕ್ಟರಮ್ಮನನ್ನೂ ಕರೆತಂದಿದ್ದಾಳೆ. ಅವಳ ಎದುರಿಗೇ ಹೇಳಬೇಕಾ? ಇರಲಿ. ಅವಳೂ ನಾಳೆ ಆ ಕವಲಿನಲ್ಲಿ ನಿಲ್ಲುವವಳೇ ತಾನೆ. ಪುಟ್ಟಿಯನ್ನು ಎತ್ತಿಕೊಳ್ಳುವುದಿಲ್ಲ, ಮಗುವಿನ ಹಿಂದೆ ಅಡಗಿದ ಹಾಗಾಗುತ್ತದೆ. ನೋಟ್‌ಬುಕ್ ಒಂದನ್ನೇ ಹಿಡಿದು ನಿಂತು, ಮೊದಲು ಆ ಪುಟ ತೋರಿಸುತ್ತೇನೆ. ಬಾಗಿಲು ತಟ್ಟುತ್ತಿದ್ದಾರೆ.