ಕೆಂಪು ಟ್ಯಾಗ್

ಅಕ್ಟೋಬರ್ 7, ಶನಿವಾರ

ನಾಲ್ಕನೆಯ ಬಾಯ್ಲರ್ ಇವತ್ತು ಗೋಡೆ ಏರಿತು. ಭುಜ ಬಿದ್ದೇಹೋಗಿದೆ. ಯಾರೋ ಪುಣ್ಯಾತ್ಮರು ಮನೆಯಿಂದ ಬಿಚ್ಚಿ ಕಾಲೇಜಿಗೆ ಕೊಟ್ಟ ಹಳೇ ಮಾಲು. ಒಳಗೆ ಮಸಿ, ಹೊರಗೆ ತುಕ್ಕು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ ಎಂದು ಭಾವನ ವಾದ. ಹೊತ್ತವರು ನಾವು, ವಾದ ಅವರದು.

ಮುರಿದ ಕುರ್ಚಿ ತುಂಬಿಡುತ್ತಿದ್ದ ಕೋಣೆ ಇದು. ಈಗ ಪೈಪು, ರೇಡಿಯೇಟರ್, ಗೇಜು. ಮನೆ ಬೆಚ್ಚಗಿಡುವ ಕಸುಬನ್ನು ವಿದ್ಯಾರ್ಥಿಗಳು ಪುಸ್ತಕದಲ್ಲಲ್ಲ, ಕೈಯಲ್ಲಿ ಹಿಡಿದು ಕಲಿಯಲಿ ಎಂದು ಭಾವ, ನಾನು, ಕಸುಬಿನ ಇನ್ನು ಕೆಲವರು ಪ್ರತಿ ಶನಿವಾರ ಬಂದು ಕಟ್ಟುತ್ತಿದ್ದೇವೆ. ಸಂಬಳ ಇಲ್ಲ, ಟೀ ಮಾತ್ರ. ವಾರವೆಲ್ಲ ಆಸ್ಪತ್ರೆಯ ಬಾಯ್ಲರ್ ನೋಡಿಕೊಳ್ಳುವ ನನಗೆ ರಜಾದಿನವೂ ಬಾಯ್ಲರೇ. "ಅವ್ರಿಗಂತೂ ಹುಚ್ಚು, ನಿನಗೂ ಅಂಟ್ತಾ?" ಎಂದು ಅಕ್ಕ ಕೇಳುತ್ತಲೇ ಇರುತ್ತಾಳೆ.

ಭಾವನ ಕಾನೂನು ಒಂದೇ. ಇಲ್ಲಿ ಪಾಠಕ್ಕೆಂದು ನಾವೇ ಬೇಕಂತ ಕೆಡಿಸಿಡುತ್ತೇವೆ — ಒಂದು ನಟ್ ಸಡಿಲ, ಒಂದು ವಯರ್ ಅದಲುಬದಲು. ಹುಡುಕಿ ಸರಿಮಾಡುವುದು ವಿದ್ಯಾರ್ಥಿಗಳ ಕೆಲಸ. ಕೆಡಿಸಿದವರು ಆ ಬಾಯ್ಲರಿನ ಗ್ಯಾಸ್ ವಾಲ್ವಿಗೆ ಕೆಂಪು ಟ್ಯಾಗ್ ಕಟ್ಟಬೇಕು. ಏನು ಕೆಟ್ಟಿದೆ, ಯಾವತ್ತಿನಿಂದ, ಕೆಳಗೆ ಸಹಿ. ವಿದ್ಯಾರ್ಥಿಗಳಿಗೆ ಕಾಣದ ಹಾಗೆ ಬರೆದ ಕಡೆ ಗೋಡೆಗೆ. ಟ್ಯಾಗ್ ಇರುವಷ್ಟು ಹೊತ್ತು ಗ್ಯಾಸ್ ಬಿಡುವಂತಿಲ್ಲ, ಗಾಳಿ ತುಂಬಿ ನೋಡಬಹುದು ಅಷ್ಟೆ. ಸರಿಯಾದ ಮೇಲೆ ಸಹಿ ಹಾಕಿದವರೇ ತೆಗೆಯಬೇಕು. ಬೇರೆ ಯಾರಾದರೂ ಮುಟ್ಟಿದರೆ ಭಾವ ಮನುಷ್ಯರಾಗಿ ಉಳಿಯುವುದಿಲ್ಲ.

"ನಮ್ಮ ಮೂಗಪ್ಪ ಇರುವಾಗ ಟ್ಯಾಗ್ ಯಾಕೆ ಬೇಕು?" ಎಂದ ತಾಮ್ರಣ್ಣ. ತಾಮ್ರದ ಪೈಪು ಬೆಸೆಯುವುದರಲ್ಲಿ ಎತ್ತಿದ ಕೈ, ಅದಕ್ಕೇ ಆ ಹೆಸರು. ಮೂಗಪ್ಪ ಎಂದರೆ ಭಾವ. ಯಾವ ಮನೆಗೆ ಹೋದರೂ ಹೊಸ್ತಿಲಲ್ಲೇ ನಿಂತು, ಗ್ಯಾಸ್ ಎಲ್ಲಿ ಸೋರುತ್ತಿದೆ ಎಂದು ಮೂಸಿ ಹೇಳುತ್ತಿದ್ದವರು. ಭಾವ ನಕ್ಕರು. ಸ್ವಲ್ಪ ತಡವಾಗಿ ನಕ್ಕರು ಅನ್ನಿಸಿತು.

ಮುಂದಿನ ತಿಂಗಳು ಉದ್ಘಾಟನೆ. ಆಮೇಲೆ ಇಲ್ಲಿ ಕಲಿಸುವ ಕೆಲಸ ಭಾವನಿಗೇ ಎಂದು ವಿಭಾಗದ ಮುಖ್ಯಸ್ಥೆ, ನಮ್ಮ ಮೇಡಂ, ಬಾಯಿಬಿಟ್ಟು ಹೇಳಿಯೂ ಆಗಿದೆ. ತಮ್ಮ ಬಾಯ್ಲರ್ ರಿಪೇರಿ ಅಂಗಡಿ ಮುಚ್ಚಿದ ಮೇಲೆ ಸಪ್ಪಗಾಗಿದ್ದ ಮುಖಕ್ಕೆ ಈಗ ಕಳೆ ಬಂದಿದೆ. ನೋಡಿದರೆ ನನಗೇ ಖುಷಿ.

ಅಕ್ಟೋಬರ್ 10, ಮಂಗಳವಾರ

ಸಂಜೆ ಅಕ್ಕನ ಮನೆಗೆ ಹೋದೆ. ಮೆಟ್ಟಿಲಲ್ಲೇ ಸೀದ ಹಾಲಿನ ವಾಸನೆ. ಓಡಿ ಒಳಗೆ ಹೋದರೆ ಪಾತ್ರೆ ತಳ ಹಿಡಿದು ಕರ್ರಗೆ. ಭಾವ ಅಲ್ಲೇ, ಒಲೆಯಿಂದ ಕೈಯಳತೆಯಲ್ಲಿ ಕೂತು ಲ್ಯಾಬಿನ ನಕ್ಷೆ ನೋಡುತ್ತಿದ್ದಾರೆ. ಮುಖದಲ್ಲಿ ಏನೂ ಇಲ್ಲ.

ಅಕ್ಕ ಬಚ್ಚಲಿನಿಂದ ಬಂದವಳೇ, "ನಂದೇ ತಪ್ಪು, ನಂದೇ ತಪ್ಪು" ಎಂದು ಪಾತ್ರೆ ಎತ್ತಿ ನಲ್ಲಿ ಕೆಳಗಿಟ್ಟಳು. ಅವಳದು ಯಾವ ತಪ್ಪು? ಅಕ್ಕ ಹಾಗೆ ಸುಲಭಕ್ಕೆ ತಪ್ಪು ಒಪ್ಪಿಕೊಳ್ಳುವ ಪೈಕಿಯೂ ಅಲ್ಲ.

ಭಾವ ನನ್ನತ್ತ ನೋಡಲಿಲ್ಲ.

ಅಕ್ಟೋಬರ್ 14, ಶನಿವಾರ

ಮಾಡಬಾರದ್ದು ಮಾಡಿದೆ. ಬಣ್ಣಕ್ಕೆ ತಂದ ಥಿನ್ನರ್ ಡಬ್ಬಿಯ ಮುಚ್ಚಳ ತೆಗೆದು ಭಾವನ ಬೆನ್ನ ಹಿಂದೆ ಇಟ್ಟೆ. ಆಚೆ ತುದಿಯಲ್ಲಿದ್ದ ತಾಮ್ರಣ್ಣ ಕೆಮ್ಮಿ ಹೊರಗೆ ಹೋದ. ಭಾವ ಪೈಪಿಗೆ ಕ್ಲಿಪ್ ಹೊಡೆಯುತ್ತಲೇ ಇದ್ದರು. ಮುಚ್ಚಳ ಹಾಕುವಾಗ ಕಳ್ಳಿಯ ಹಾಗೆ ಅನ್ನಿಸಿತು.

ಮಧ್ಯಾಹ್ನ ಅಕ್ಕನನ್ನು ನೇರವಾಗಿ ಕೇಳಿದೆ. ಮೊದಲು ಸಿಡುಕಿದಳು. ಆಮೇಲೆ ಕೂತಳು.

"ಫೆಬ್ರವರೀಲಿ ಜ್ವರ ಬಂತಲ್ಲ, ಅವತ್ತಿಂದ ಅವ್ರಿಗೆ ವಾಸನೇನೇ ಗೊತ್ತಾಗಲ್ಲ. ಡಾಕ್ಟ್ರು, ವಾಪಸ್ ಬಂದ್ರೂ ಬರಬಹುದು ಅಂತಾರೆ, ಇಲ್ದೇನೂ ಇರಬಹುದು ಅಂತಾರೆ."

"ಅಕ್ಕಾ, ಅವ್ರು ಗ್ಯಾಸ್ ಕೆಲಸ ಕಲಿಸೋರು."

"ಅದಕ್ಕೇ ಹೇಳ್ತಿರೋದು, ಬಾಯಿ ಬಿಡಬೇಡ. ಆ ಕೆಲಸ ಒಂದು ಕೈಗೆ ಸಿಗ್ಲಿ. ಆಮೇಲೆ ಏನಾದ್ರೂ ಮಾಡೋಣ."

ಹೂಂ ಅಂದೆ. ಯಾಕೆ ಅಂದೆನೋ.

ಅಕ್ಟೋಬರ್ 28, ಶನಿವಾರ

ಎರಡು ವಾರ ಇದನ್ನು ತೆರೆಯಲಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಎಂದು ಭಯ.

ಗ್ಯಾಸ್ ಲೈನಿಗೆ ಒಪ್ಪಿಗೆ ಬಂತು. ಇವತ್ತು ಗ್ಯಾಸ್ ಬಿಟ್ಟೆವು. ಎಲ್ಲ ಚಪ್ಪಾಳೆ. ನಾನು ಮಾತ್ರ ದಿನವಿಡೀ ಭಾವನ ನೆರಳಾಗಿ ತಿರುಗಿದೆ. ಅವರು ಮುಟ್ಟಿದ ಜಾಗವನ್ನೆಲ್ಲ ಹಿಂದಿನಿಂದ ಹೋಗಿ ಮೂಸಿದೆ. ತಾಮ್ರಣ್ಣ ನೋಡಿಬಿಟ್ಟ. "ಏನವ್ವಾ, ಮೂಗಪ್ಪನ ಪಟ್ಟಕ್ಕೆ ಕಣ್ಣು ಹಾಕಿದ್ಯಾ?" ನಗು ಬರಲಿಲ್ಲ, ನಕ್ಕೆ.

ನನ್ನ ದುಡ್ಡಲ್ಲೇ ಗ್ಯಾಸ್ ಡಿಟೆಕ್ಟರ್ ತಂದಿದ್ದೆ. ಅಂಗೈಯಗಲದ್ದು, ಗ್ಯಾಸ್ ತಾಗಿದರೆ ಕಿರುಚುತ್ತದೆ. ಯಾರೂ ಇಲ್ಲದಾಗ ಭಾವನ ಕೈಗಿಟ್ಟೆ. ಅವರು ಎಲ್ಲರೂ ಇರುವಾಗ ಅದನ್ನು ಎತ್ತಿ ತೋರಿಸಿದರು.

"ನೋಡ್ರಪ್ಪಾ, ನಮ್ಮ ನಾದಿನಿ ನನಗೆ ಮರದ ಮೂಗು ತಂದಿದ್ದಾಳೆ. ಸ್ವಂತದ್ದು ಸವೆದಾಗ ಹಾಕ್ಕೋತೀನಿ."

ಬೀರುವಿಗೆ ಹಾಕಿ ಬಾಗಿಲು ತಳ್ಳಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೈಯೆಲ್ಲ ಉರಿಯಿತು. ಅಷ್ಟು ಸಿಟ್ಟು ಭಾವನ ಮೇಲೆ ಹಿಂದೆಂದೂ ಬಂದಿರಲಿಲ್ಲ.

ನವೆಂಬರ್ 4, ಶನಿವಾರ, ಸಂಜೆ

ಮನೆಗೆ ಬಂದವಳೇ ಬರೆಯಲು ಕೂತಿದ್ದೇನೆ. ಅಕ್ಷರ ಹೇಗೋ ಬರಲಿ.

ಬೆಳಿಗ್ಗೆ ಭಾವ ಮೂರನೆಯ ಬಾಯ್ಲರಿನ ಗ್ಯಾಸ್ ಪೈಪಿನ ನಟ್ ಸಡಿಲಿಸಿ, ಟ್ಯಾಗ್ ಕಟ್ಟಿ, ಗಾಳಿ ತುಂಬಿ, ಸೋಪಿನ ನೊರೆ ಹಚ್ಚಿದರು. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ಸೋರಿಕೆ. ವಿದ್ಯಾರ್ಥಿಗಳಿಗೆ ಇದೇ ಮೊದಲ ಪಾಠ, ನಮ್ಮೆದುರು ರಿಹರ್ಸಲ್. ಮುಗಿದ ಮೇಲೆ ನಟ್ಟನ್ನು ಬೆರಳಲ್ಲೇ ಸುತ್ತಿ ಕೂರಿಸಿದರು. ಸ್ಪ್ಯಾನರ್ ತರಲು ಎದ್ದವರನ್ನು ಮೇಡಂ ಕರೆದರು — ಅತಿಥಿಗಳು ಎಲ್ಲಿ ಕೂರಬೇಕು, ಭಾಷಣ ಎಲ್ಲಿ. ನಾವು ಬೆಂಚು ತರಲು ಹೊರಗೆ ಹೋದೆವು.

ನಾನು ಮೊದಲು ವಾಪಸ್ ಬಂದೆ. ಬಾಗಿಲಲ್ಲೇ ಮುಖಕ್ಕೆ ಬಡಿಯಿತು. ಕೊಳೆತ ಮೊಟ್ಟೆಯ ವಾಸನೆ, ದಟ್ಟವಾಗಿ.

ಭಾವ ಮೂರನೆಯ ಬಾಯ್ಲರಿನ ಮುಂದೆ ಮಂಡಿಯೂರಿದ್ದಾರೆ. ವಾಲ್ವ್ ತೆರೆದಿದೆ. ಟ್ಯಾಗ್ ಅವರ ಅಂಗಿ ಜೇಬಿನಲ್ಲಿ. ಏನೋ ಗುನುಗಿಕೊಳ್ಳುತ್ತಿದ್ದಾರೆ. ಕೈಯಲ್ಲಿ ಲೈಟರ್.

ಕೂಗಲಿಲ್ಲ. ಕೂಗಿದರೆ ಬೆಚ್ಚಿ ಬೆರಳು ಒತ್ತಿಬಿಟ್ಟರೆ... ಹೇಗೆ ಹೋದೆನೋ ಗೊತ್ತಿಲ್ಲ. ಮಣಿಕಟ್ಟು ಹಿಡಿದೆ. ಲೈಟರ್ ಕಿತ್ತುಕೊಂಡೆ. ವಾಲ್ವ್ ಮುಚ್ಚಿದೆ. ಕಿಟಕಿಗಳನ್ನೆಲ್ಲ ತೆರೆದೆ. ಲೈಟಿನ ಸ್ವಿಚ್ ಮುಟ್ಟಲಿಲ್ಲ. ಅದೂ ಅವರೇ ಕಲಿಸಿದ್ದು.

"ಏನಾಯ್ತೇ?" ಎಂದರು ಭಾವ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದರು. ಆ ಮುಖ ಮರೆಯಲಾರೆ.

ಅಷ್ಟರಲ್ಲಿ ಬೆಂಚು ಹೊತ್ತು ತಾಮ್ರಣ್ಣ ಬಂದ. ಹಿಂದೆ ಉಳಿದವರು, ಮೇಡಂ. "ಅಯ್ಯೋ, ಗ್ಯಾಸು" ಎಂದು ತಾಮ್ರಣ್ಣ ಬೆಂಚು ಅಲ್ಲೇ ಬಿಟ್ಟ. ಭಾವ ನಟ್ ನೋಡಿದರು, ಜೇಬು ಮುಟ್ಟಿಕೊಂಡರು. ಮುಖದ ಬಣ್ಣ ಇಳಿಯಿತು. ಆಮೇಲೆ ಎದ್ದು ನಿಂತು ಮಂಡಿಯ ಧೂಳು ಕೊಡವಿ, ಗಟ್ಟಿಯಾಗಿ ಹೇಳಿದರು —

"ಟೆಸ್ಟ್ ಮಾಡ್ದೆ. ನಿಮ್ಮಲ್ಲಿ ಯಾರಿಗೆ ಎಚ್ಚರ ಇದೆ ಅಂತ. ನಮ್ಮ ನಾದಿನಿ ಒಬ್ಬಳೇ ಪಾಸು."

ಎಲ್ಲರೂ ಉಸಿರು ಬಿಟ್ಟರು. ಯಾರೋ ನನ್ನ ಬೆನ್ನು ತಟ್ಟಿದರು. ಮೇಡಂ ಅಂತೂ, ಕಲಿಸುವುದು ಅಂದ್ರೆ ಹೀಗಿರಬೇಕು ಎಂದರು.

ನಾನು ಲೈಟರನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಭಾವ ಟ್ಯಾಗನ್ನು ಜೇಬಿನ ಆಳಕ್ಕೆ ಒತ್ತಿಕೊಂಡದ್ದು ನನಗೆ ಮಾತ್ರ ಕಂಡಿತು.

ನವೆಂಬರ್ 5, ಭಾನುವಾರ

ಬೆಳಿಗ್ಗೆ ಭಾವ ಬಂದರು. ಒಳಗೆ ಬನ್ನಿ ಅಂದರೂ ಹೊಸ್ತಿಲು ದಾಟಲಿಲ್ಲ.

"ಬಿಗಿ ಮಾಡಿದ್ದೀನಿ ಅಂದ್ಕೊಂಡೆ. ಅನುಮಾನ ಬಂತು, ವಾಲ್ವ್ ಸ್ವಲ್ಪ ತೆರೆದು ಮೂಸಿದೆ. ಏನೂ ಬರ್ಲಿಲ್ಲ. ಹಾಗಾದ್ರೆ ಸರಿಯಿದೆ ಅಂತ ಟ್ಯಾಗ್ ತೆಗೆದೆ." ಮೂಗು ಉಜ್ಜಿಕೊಂಡು, "ಇಷ್ಟು ವರ್ಷದ ಅಭ್ಯಾಸ ಕಣೇ. ಮೂಗು ಹೋಗಿದೆ ಅನ್ನೋದೇ ಆ ಗಳಿಗೇಲಿ ಮರೆತುಹೋಗತ್ತೆ."

ಈ ತಪ್ಪು ಬೇರೆ ಯಾರೂ ಮಾಡುತ್ತಿರಲಿಲ್ಲ. ಮೂಗನ್ನು ಅಷ್ಟು ನಂಬಿದವರು ಮಾತ್ರ ಮಾಡುವ ತಪ್ಪು.

"ಮೇಡಂಗೆ ಹೇಳಿ ಭಾವ."

"ಹೇಳಿದ್ರೆ ಏನಾಗತ್ತೆ ಗೊತ್ತಲ್ಲ. ಶಾಲು ಹೊದೆಸಿ ಮನೆಗೆ ಕಳಿಸ್ತಾರೆ. ಊಟ ಮಾಡಿದ್ರೆ ಕಾಗದ ಅಗಿದ ಹಾಗಿದೆ. ಮೊಮ್ಮಗಳನ್ನ ಎತ್ಕೊಂಡ್ರೆ ಪಿಂಗಾಣಿ ಗೊಂಬೆ ಎತ್ಕೊಂಡ ಹಾಗೆ. ಉಳಿದಿರೋದು ಆ ಕೋಣೆ ಒಂದೇ."

ಆದರೂ ಹೇಳಿದೆ. "ಶನಿವಾರ ಉದ್ಘಾಟನೆ. ಶುಕ್ರವಾರದೊಳಗೆ ನೀವು ಹೇಳಿ. ಇಲ್ದಿದ್ರೆ ನಾನು ಹೇಳ್ತೀನಿ."

"ನಿನಗೆ ಸ್ಪ್ಯಾನರ್ ಹಿಡಿಯೋಕೆ ಕಲಿಸಿದ್ದು ಯಾರು?"

"ನೀವೇ."

ಮೆಟ್ಟಿಲಿಳಿದು ಹೋದರು. ಬೆನ್ನು ಬಾಗಿತ್ತು.

ನವೆಂಬರ್ 8, ಬುಧವಾರ

ಅಕ್ಕ ಆಸ್ಪತ್ರೆಯ ಬಾಯ್ಲರ್ ಕೋಣೆಗೇ ಬಂದಳು. ನಾನು ಕೆಲಸ ಮಾಡುವ ಜಾಗಕ್ಕೆ ಅವಳು ಕಾಲಿಟ್ಟದ್ದು ಇದೇ ಮೊದಲು. ಪಂಪಿನ ಸದ್ದಿಗೆ ಕಿರುಚಿ ಮಾತಾಡಬೇಕಾಯಿತು.

"ನೀನು ಗಂಡನ ಮನೆ ಬಿಟ್ಟು ಬಂದಾಗ ಯಾರು ನಿಂತ್ರು ನಿನ್ನ ಬೆನ್ನಿಗೆ?"

"ಭಾವ."

"ಈಗ ಅವ್ರ ಹೊಟ್ಟೆಗೇ ಹೊಡೀತೀಯಾ?"

"ಅಕ್ಕಾ, ಹತ್ತಿಪ್ಪತ್ತು ಮಕ್ಕಳು ಬಂದು ನಿಲ್ತಾರೆ ಆ ಕೋಣೇಲಿ. ನಾನಿರಲ್ಲ ಅಲ್ಲಿ. ದಿನಾ ಯಾರು ಕೈ ಹಿಡೀತಾರೆ?"

ಅವಳು ತಂದಿದ್ದ ಊಟದ ಡಬ್ಬಿಯನ್ನು ನನಗೆ ಕೊಡದೆ ವಾಪಸ್ ತೆಗೆದುಕೊಂಡು ಹೋದಳು. ಅದು ಹೆಚ್ಚು ನೋಯಿಸಿತು.

ನವೆಂಬರ್ 10, ಶುಕ್ರವಾರ

ಸಂಜೆಯವರೆಗೂ ಕಾದೆ. ಭಾವನಿಗೆ ಫೋನ್ ಮಾಡಿದೆ, ತೆಗೆಯಲಿಲ್ಲ. ಮೇಡಂ ಕೋಣೆಗೆ ಹೋದೆ. ಮೇಜಿನ ಮೇಲೆ ರಿಬ್ಬನ್, ಕತ್ತರಿ. ನಗುತ್ತಾ, "ಬನ್ನಿ, ನಾಳೆ ಮೊದಲ ಬಾಯ್ಲರ್ ಹಚ್ಚೋದು ನಿಮ್ಮ ಭಾವನೇ" ಎಂದರು.

ಭಾವ ಏನನ್ನೂ ಹೇಳಿಲ್ಲ ಎಂದು ಗೊತ್ತಾಯಿತು.

ಹೇಳಿದೆ. ನಿಂತೇ ಹೇಳಿದೆ, ಕೂತರೆ ಹೇಳಲಾಗುತ್ತಿರಲಿಲ್ಲ. ಮೇಡಂ ಕತ್ತರಿಯನ್ನು ಮೆಲ್ಲಗೆ ಪಕ್ಕಕ್ಕಿಟ್ಟರು.

"ಅವತ್ತು ಟೆಸ್ಟ್ ಅಂದ್ರಲ್ಲ?"

"ಅಲ್ಲ ಮೇಡಂ."

ಮೇಡಂ ಎದ್ದು ಬಾಗಿಲು ಮುಚ್ಚಿದರು. ನಾಳೆ ಕಾರ್ಯಕ್ರಮ ಶುರುವಾಗುವ ಮುಂಚೆ ಅವರನ್ನು ಕರೆದು ಮಾತಾಡುತ್ತೇನೆ, ನಿಮ್ಮ ಹೆಸರು ಎತ್ತುವುದಿಲ್ಲ ಎಂದರು. ಎತ್ತದಿದ್ದರೆ ಭಾವನಿಗೆ ಗೊತ್ತಾಗುವುದಿಲ್ಲವೇ? ಹೊರಗೆ ಬಂದು ಸೈಕಲ್ ಸ್ಟ್ಯಾಂಡಿನಲ್ಲಿ ನಿಂತು ಅತ್ತೆ. ಸರಿಯಾದ್ದನ್ನೇ ಮಾಡಿದ್ದೇನೆ. ಆದರೂ ಬೆನ್ನಿಗೆ ಚೂರಿ ಹಾಕಿದವಳ ಹಾಗೆ ಅನ್ನಿಸುತ್ತಿದೆ.

ನವೆಂಬರ್ 11, ಶನಿವಾರ, ಬೆಳಿಗ್ಗೆ, ಲ್ಯಾಬಿನಲ್ಲಿ

ಹಿಂದಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಅತಿಥಿಗಳಿಗೆ ಟೀ ನಡೆಯುತ್ತಿದೆ. ಮರೆಯುವ ಮುಂಚೆ ಬರೆಯಬೇಕು.

ಭಾವ ತಡವಾಗಿ ಬಂದರು. ಅಷ್ಟರಲ್ಲಿ ಎಲ್ಲರೂ ಕೂತಾಗಿತ್ತು. ಮೇಡಂ ಎದ್ದು ಬಾಗಿಲ ಕಡೆ ಹೊರಟರು, ಒಂದು ನಿಮಿಷ ಬನ್ನಿ ಎಂದರು. "ಆಮೇಲೆ ಬರ್ತೀನಿ ಮೇಡಂ" ಎಂದು ಭಾವ ನೇರ ಮುಂದಕ್ಕೆ ನಡೆದರು. ಮುಂದಿನ ಸಾಲಿನಲ್ಲಿ ಹೊಸ ವಿದ್ಯಾರ್ಥಿಗಳು, ಹೊಸ ಅಂಗಿ, ಹೊಸ ಬೂಟು. ಅವರ ಪಕ್ಕದಲ್ಲಿ ಅಕ್ಕ, ಕೆಂಪು ಕಣ್ಣು.

ಭಾವ ಜೇಬಿನಿಂದ ಕೆಂಪು ಟ್ಯಾಗ್ ತೆಗೆದರು. ಅದರ ಕಾನೂನನ್ನು ವಿದ್ಯಾರ್ಥಿಗಳಿಗೆ ವಿವರಿಸಿದರು — ಏನು ಕೆಟ್ಟಿದೆ, ಯಾವತ್ತಿನಿಂದ, ಸಹಿ. ಆಮೇಲೆ ಅದನ್ನು ತಮ್ಮ ಅಂಗಿಯ ಗುಂಡಿಗೆ ಕಟ್ಟಿಕೊಂಡರು. ಬರೆದ ಕಡೆ ಹೊರಗೆ.

"ಓದಪ್ಪ" ಎಂದರು ಮುಂದೆ ಕೂತವನಿಗೆ.

"ವಾಸನೆ ತಿಳಿಯುವುದಿಲ್ಲ. ಫೆಬ್ರವರಿಯಿಂದ" ಎಂದು ಅವನು ಓದಿದ. ತಮಾಷೆ ಎಂದುಕೊಂಡು ಯಾರೋ ನಕ್ಕು, ನಿಲ್ಲಿಸಿದರು.

"ಹೋದ ಶನಿವಾರ ನಾನು ಟೆಸ್ಟ್ ಮಾಡಿರಲಿಲ್ಲ. ಸುಳ್ಳು ಹೇಳಿದೆ. ಈ ಕೋಣೆ ಇವತ್ತು ಇಲ್ಲಿ ನಿಂತಿದ್ರೆ ಅದು ನಮ್ಮ ನಾದಿನಿಯಿಂದ. ನಾನು ಇಲ್ಲಿ ಕಲಿಸಬೇಕೋ ಬೇಡವೋ ಮೇಡಂ ಹೇಳಲಿ. ಏನೇ ಹೇಳಿದ್ರೂ ಸರಿ."

ತಾಮ್ರಣ್ಣ ತಲೆ ತಗ್ಗಿಸಿ ಕೂತಿದ್ದ. ಮೇಡಂ ನನ್ನನ್ನೇ ನೋಡುತ್ತಿದ್ದರು. ನಾನು ನೆಲ ನೋಡಿದೆ. ಒಂದು ರಾತ್ರಿ ಕಾದಿದ್ದರೆ... ಕಾಯಬೇಕಿತ್ತು. ಕಾಯಬಾರದಿತ್ತು. ಯಾವುದನ್ನು ಹಿಡಿದರೂ ಇನ್ನೊಂದು ಚುಚ್ಚುತ್ತದೆ. ಅವರು ಎಲ್ಲರ ಮುಂದೆ ನನಗೆ ಕೈ ಮುಗಿದರು, ಅವರಿಗಿಂತ ಮುಂಚೆ ನಾನು ಮೇಡಂ ಹತ್ತಿರ ಹೋಗಿದ್ದೆ ಎಂದು ಅವರಿಗೆ ಗೊತ್ತಿರುವ ಹಾಗಿಲ್ಲ.

ಮೇಡಂ ಇನ್ನೂ ಏನೂ ಹೇಳಿಲ್ಲ. ಟೀ ಆಗಲಿ ಎಂದರು ಅಷ್ಟೆ.

ಭಾವ ಈಗ ಮೊದಲ ಬಾಯ್ಲರಿನ ಮುಂದೆ ಮಂಡಿಯೂರಿದ್ದಾರೆ. ಬೀರುವಿನಿಂದ ಡಿಟೆಕ್ಟರ್ ತೆಗೆಸಿ ಒಬ್ಬ ಹುಡುಗಿಯ ಕೈಗೆ ಕೊಟ್ಟು, ಹಿಡಿಯುವುದು ಹೇಗೆಂದು ತೋರಿಸುತ್ತಿದ್ದಾರೆ. ಎದೆಯ ಮೇಲೆ ಟ್ಯಾಗ್ ತೂಗುತ್ತಿದೆ. ತಿರುಗಿ ಹುಡುಕಿದರು. ನನ್ನನ್ನು ಕಂಡರು.

"ಬಾರೇ, ಒಂದ್ಸಲ ಮೂಸಿ ಹೇಳು. ನೀನು ಹೇಳದೆ ಹಚ್ಚಲ್ಲ."

ಎಲ್ಲರೂ ತಿರುಗಿ ನೋಡುತ್ತಿದ್ದಾರೆ. ಹೋಗಬೇಕು. ಮೂಸಬೇಕು. ಆಮೇಲೆ ಹಚ್ಚುವ ಮುಂಚೆ, ಅವರ ಕಿವಿಯಲ್ಲಿ, ನಿನ್ನೆ ಸಂಜೆ ನಾನು ಮೇಡಂ ಹತ್ತಿರ ಹೋಗಿದ್ದೆ ಎಂದು —