ಕೊಕ್ಕೆ ಕತ್ತರಿಸಿದ ಹುಳು

ಮೆಲ್‌ರೋಸ್, ಮೊಂಟಾನಾ
ಆಗಸ್ಟ್ ಆರು, ಸಂಜೆ

ಮಗನೇ ಟೋಬಿನ್,

ಹೇಗಿದ್ದೀಯಪ್ಪಾ? ಅಲಾಸ್ಕದ ಸಮುದ್ರದಲ್ಲಿ ಬಲೆ ಎಳೆದೂ ಎಳೆದೂ ಅಂಗೈ ಬಿರಿದಿರಬೇಕು, ಮಲಗುವಾಗ ಮುಲಾಮು ಹಚ್ಚಿಕೋ. ನಾನು ಗಟ್ಟಿಯಾಗಿದ್ದೇನೆ. ನಿನ್ನಪ್ಪನ ಕಥೆ ಹಾಗಲ್ಲ. ಶ್ವಾಸಕೋಶ ಪೂರ್ತಿ ಕೆಟ್ಟಿದೆ, ಈ ಸಲದ ಹಿಮ ನೋಡುವುದು ಕಷ್ಟ ಎಂದಿದ್ದಾರೆ ಡಾಕ್ಟರು. "ಅವನಿಗೆ ಬರೀಬೇಡ ಕಣೇ, ಕನಿಕರಕ್ಕೆ ಬರೋ ಮಗ ನಂಗೆ ಬೇಡ" ಅಂತಾರೆ. ಬರೆಯುತ್ತಿದ್ದೇನೆ, ಏನು ಮಾಡುತ್ತಾರೋ ಮಾಡಲಿ.

ಹೊಳೆಯನ್ನಂತೂ ನೀನು ನೋಡಬಾರದು. ಬೆಟ್ಟದ ಹಿಮ ಬೇಗ ಕರಗಿ, ಜೂನಿನಲ್ಲಿ ನೀರಿನಿಂದ ಏಳಬೇಕಾದ ದೊಡ್ಡ ಕಿತ್ತಳೆ ಹುಳುಗಳು, ಮೀನುಗಳ ಹಬ್ಬದೂಟ, ಮೇ ತಿಂಗಳಲ್ಲೇ ಎದ್ದು ಮುಗಿದವು. ಸೇತುವೆಯ ಕೆಳಗೆ ಮೊಣಕಾಲುದ್ದ ನೀರಿಲ್ಲ. ನೀರು ಕಾದು ಮೀನು ಬಳಲುತ್ತವೆ, ಮಧ್ಯಾಹ್ನ ಎರಡರ ಮೇಲೆ ಗಾಳ ಹಾಕಕೂಡದೆಂದು ಬೋರ್ಡು ಬಿದ್ದಿದೆ. ಬೆಳಗ್ಗೆ ಸ್ಪ್ರೂಸ್ ಮರಗಳಿಂದ ಪತಂಗಗಳು ಜರಡಿ ಹಿಡಿದ ಹಿಟ್ಟಿನಂತೆ ನೀರಿಗೆ ಉದುರುತ್ತವೆ, ಮೇಲೆದ್ದು ತಿನ್ನಲು ಹೆಚ್ಚಿನ ಮೀನಿಗೆ ತ್ರಾಣವೇ ಇಲ್ಲ.

ನಿಮ್ಮಿಬ್ಬರ ಜಗಳವೂ ಇಂಥ ಬಿಸಿಲಿನದೇ ಅಲ್ಲವೇ. ಮೋಜಿಗೆ ಮೀನು ಹಿಡಿದು ಬಿಡಲು ಬಂದ ಗಿರಾಕಿಗಳ ಮಾತು ಕೇಳಿ ಸುಡುವ ಮಧ್ಯಾಹ್ನ ಅಪ್ಪನ ದೋಣಿ ಇಳಿಸಿದೆ. ಹಿಡಿದ ಒಂದೊಂದು ಮೀನನ್ನೂ ಜೋಪಾನವಾಗಿ ನೀರಿಗೆ ಬಿಟ್ಟೆ, ಈಜಿಕೊಂಡು ಹೋದವು ಎಂದುಕೊಂಡೆ. ಮರುದಿನ ಕೆಳಗಿನ ತಿರುವಿನಲ್ಲಿ ಅವು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. "ಬಿಸಿ ನೀರಲ್ಲಿ ಆಡಿಸಿ ಬಿಟ್ರೆ ಬಿಟ್ಟಂಗಲ್ಲ ಕಣೋ, ಕೊಂದಂಗೆ! ಇನ್ಮೇಲೆ ನನ್ನ ದೋಣಿ ಮುಟ್ಬೇಡ" ಎಂದರು ಅಪ್ಪ. ನೀನು ಊರನ್ನೇ ಬಿಟ್ಟೆ. ಅಪ್ಪನಿಗೆ ತಕ್ಕ ಮಗ!

ಇವತ್ತು ಬೆಳಗ್ಗೆ ಹೊಳೆಗೆ ಹೋಗಲೇಬೇಕೆಂದು ಹಟ ಹಿಡಿದರು. ಆಕ್ಸಿಜನ್ ಸಿಲಿಂಡರ್ ನಾನೇ ಹೊತ್ತೆ. ದಂಡೆಯಲ್ಲಿ ಕುರ್ಚಿ ಹಾಕಿ ಕೂರಿಸಿದ ಕೂಡಲೇ ಮೊದಲು ಥರ್ಮಾಮೀಟರ್ ಅದ್ದಿಸಿದರು. ಆಗಲೇ ನೀರು ಬೆಚ್ಚಗಿತ್ತು. ಇಕ್ಕಳ ಕೇಳಿ ಪಡೆದು, ಗರಿ ಸುತ್ತಿ ಪತಂಗದಂತೆ ತಾವೇ ಕಟ್ಟಿದ್ದ ಗಾಳದ ಹುಸಿ ಹುಳುವಿನ ಕೊಕ್ಕೆಯನ್ನು, ಮೀನಿಗೆ ಚುಚ್ಚದ ಹಾಗೆ, ಕತ್ತರಿಸಿ ಹಾಕಿದರು, ಆಮೇಲೆ ದಾರಕ್ಕೆ ಕಟ್ಟಿ ನೀರಿಗೆ ಎಸೆದರು. ಒಂದು ಮುದಿ ಟ್ರೌಟ್ ಮೀನು ಮೇಲೆದ್ದು ಬಾಯಿ ಹಾಕಿತು, ಥೂ ಎಂದು ಉಗುಳಿ ಹೋಯಿತು. ಅಯ್ಯೋ, ಎಷ್ಟು ನಕ್ಕರು ಗೊತ್ತೇ! ನಗುತ್ತಲೇ ಉಸಿರು ಸಿಕ್ಕದೆ ನೀಲಿಗಟ್ಟಿದರು. ನನಗೆ ಭಯವಾಯಿತು ಮಗನೇ. ಹಟ ಸಾಕು, ಹೊರಟು ಬಾ.

ಕಾಲು ಬೆಚ್ಚಗಿಟ್ಟುಕೋ. ದೇವರು ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಲೋರ್ನಾ

ಮರುದಿನ ಬೆಳಗ್ಗೆ, ಅವಸರದಲ್ಲಿ: ಟೋಬಿ, ಅಪ್ಪ ಹೋಗಿಬಿಟ್ಟರು. ಆ ಹುಳುವನ್ನು ಇದರೊಳಗೆ ಇಟ್ಟಿದ್ದೇನೆ. ಮಲಗುವ ಮುಂಚೆ ನನ್ನ ಕೈಗೆ ಕೊಟ್ಟು ಹೇಳಿದರು: "ಇದನ್ನ ಅವನಿಗೆ ಕಳ್ಸು. ಸುಡೋ ಮಧ್ಯಾಹ್ನಾನೇ ಎಸೀಲಿ, ನಾನೇನೂ ಬೈಯಲ್ಲ."